ಬಲೂನು ಮುಚ್ಚಿದ ಪುಟಗಳು

ನಮ್ಮ ಕೂಟದಲ್ಲಿ ಪುಟ ತಂದವನು ಮಾತಾಡುವಂತಿರಲಿಲ್ಲ. ಮುಗಿದ ಪುಟಗಳನ್ನು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ಸಾಲಾಗಿ ತೂಗುಬಿಡಬೇಕು. ಪಾತ್ರಗಳ ಮಾತು ತುಂಬಿದ ಬಲೂನುಗಳ ಮೇಲೆಲ್ಲ ಬಿಳಿ ಚೀಟಿ ಅಂಟಿಸಿ ಮುಚ್ಚಬೇಕು. ಆಮೇಲೆ ಬಾಗಿಲ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಸುಮ್ಮನೆ ಕೂತಿರಬೇಕು. ಉಳಿದವರು ಚಿತ್ರವನ್ನಷ್ಟೇ ನೋಡಿ ಅಲ್ಲಿ ಏನು ನಡೆಯುತ್ತಿದೆ ಎಂದು ಹೇಳುತ್ತಾರೆ. ಹೇಳಿದ್ದು ಕಥೆಗೆ ಹೊಂದಿದರೆ ಪುಟ ಗೆದ್ದಂತೆ. ಹೊಂದದಿದ್ದರೆ ನೀನು ಬರೆದದ್ದು ಕಾಮಿಕ್ಸ್ ಅಲ್ಲ, ಮಾತಿಗೆ ಹಚ್ಚಿದ ಬಣ್ಣ ಎನ್ನುತ್ತಿದ್ದರು ಮನೆಯ ಯಜಮಾನರು.

ಮನೆ ದೆಹಲಿಯ ಪೀತಮ್‌ಪುರದಲ್ಲಿತ್ತು. ಯಜಮಾನರು ಹಿಂದಿ ಕಾಮಿಕ್ಸ್‌ನ ಹಳೆಯ ಕೈ. ರಜೆಯಲ್ಲಿ ಮಕ್ಕಳು ಓಣಿಯ ಅಂಗಡಿಯಿಂದ ಕಾಮಿಕ್ಸ್‌ಗಳನ್ನು ಬಾಡಿಗೆಗೆ ಒಯ್ದು ಓದುತ್ತಿದ್ದ ಕಾಲದಲ್ಲಿ ಅವರ ಚಿತ್ರಗಳಿಗೆ ಬೇಡಿಕೆಯಿತ್ತು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ತಿಂಗಳಿಗೊಂದು ಭಾನುವಾರ ಏಳೆಂಟು ಜನ ಸೇರುತ್ತಿದ್ದೆವು. ಹೆಚ್ಚಿನವರು ಆ ಹೊತ್ತಿಗೆ ಜಾಹೀರಾತು ಕಂಪನಿಗಳಿಗೋ ನೋಯ್ಡಾದ ಅನಿಮೇಷನ್ ಸ್ಟುಡಿಯೋಗಳಿಗೋ ಸೇರಿದ್ದರು. ಪುಟ ಲೆಕ್ಕದಲ್ಲಿ ಕಾಮಿಕ್ಸನ್ನೇ ಬರೆದು ಬದುಕುತ್ತಿದ್ದವರಲ್ಲಿ ನಾನೂ ಒಬ್ಬ.

ಅದಕ್ಕೂ ಮೊದಲು ನಾನು ಒಂದು ಪತ್ರಿಕೆಯ ಗ್ರಾಫಿಕ್ಸ್ ವಿಭಾಗದಲ್ಲಿದ್ದೆ. ಅಪಘಾತ, ಬೆಂಕಿ, ಗೋಡೆ ಕುಸಿತ ಇಂಥವುಗಳಿಗೆ ಫೋಟೊ ಸಿಗದಿದ್ದಾಗ ನಡೆದದ್ದನ್ನು ಚಿತ್ರದಲ್ಲಿ ತೋರಿಸುವುದು ನನ್ನ ಕೆಲಸವಾಗಿತ್ತು. ಬಸ್ಸು ಯಾವ ಕಡೆಯಿಂದ ಬಂತು, ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಮೆಟ್ಟಿಲು ಎಡಕ್ಕಿತ್ತೋ ಬಲಕ್ಕೋ ಎಂದು ವರದಿಗಾರನಿಗೆ ಫೋನು ಮಾಡಿ ಕೇಳದೆ ಒಂದು ಗೆರೆಯನ್ನೂ ಎಳೆಯುವಂತಿರಲಿಲ್ಲ. ಗೊತ್ತಿಲ್ಲದ್ದನ್ನು ಖಾಲಿ ಬಿಡು, ಊಹಿಸಬೇಡ ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಕಾಮಿಕ್ಸ್‌ಗೆ ಬಂದ ಮೇಲೆ ಶಿಸ್ತು ಬೇರೆಯಾಯಿತು. ಇಲ್ಲಿ ಬೇಕಾದದ್ದು ವೇಗ. ಪೊಲೀಸಿನವನಿಗೆ ಒಂದು ಮೀಸೆ, ಸೇಠನಿಗೆ ಒಂದು ಹೊಟ್ಟೆ, ತಾಯಿಗೆ ಒಂದು ಮುಖ ಎಂದು ಕೈಗೇ ಗೊತ್ತಿರುತ್ತಿತ್ತು. ಪೆನ್ಸಿಲು ಹಾಳೆಗೆ ತಾಗಿದರೆ ಅವರು ತಾವಾಗಿ ಬಂದು ನಿಲ್ಲುತ್ತಿದ್ದರು.

ಆ ಭಾನುವಾರ ನಾನು ಒಯ್ದದ್ದು ಬೇರೆಯವರ ಕಥೆಯಲ್ಲ. ಮೊದಲ ಸಲ ನನ್ನದೇ ಪುಸ್ತಕ. ಸಾಮಾನ್ಯರ ಬದುಕಿನ ಕಾಮಿಕ್ಸ್ ತರಬೇಕೆಂದಿದ್ದ ಒಬ್ಬ ಸಣ್ಣ ಹಿಂದಿ ಪ್ರಕಾಶಕ ಅದನ್ನು ಒಪ್ಪಿಕೊಂಡಿದ್ದ. ಶಾಯಿ ಹಾಕಿ ಮುಗಿಸಿದ್ದೆ, ಆ ವಾರವೇ ಒಪ್ಪಿಸಬೇಕಿತ್ತು. ಕಥೆ ನನ್ನ ಅಮ್ಮನದು.

ಅಮ್ಮ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತೂತುಗಳ ಬೋರ್ಡಿಗೆ ವೈರು ಚುಚ್ಚಿ ಕರೆ ಜೋಡಿಸುವ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳವು. ಒಂದು ಮಧ್ಯಾಹ್ನ ಒಬ್ಬ ದೊಡ್ಡ ಅಧಿಕಾರಿ ಎಕ್ಸ್‌ಚೇಂಜಿನ ಒಳಗೇ ಬಂದು, ತನ್ನ ಕರೆಯನ್ನು ಮೊದಲು ಕೊಡು ಎಂದು ಅವಳ ಹಿಂದೆ ನಿಂತನಂತೆ. ಅವನಿಗಿಂತ ಮೊದಲು ಬುಕ್ ಮಾಡಿದ್ದು ಒಬ್ಬ ಲಾರಿ ಚಾಲಕನ ಹೆಂಡತಿ. ಲಾರಿ ಸೊಲ್ಲಾಪುರದ ಹತ್ತಿರ ಮಗುಚಿತ್ತು, ಗಂಡ ಆಸ್ಪತ್ರೆಯಲ್ಲಿದ್ದ. ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತಿರಿ ಎಂದು ಅಧಿಕಾರಿಗೆ ಹೇಳಿ ಅಮ್ಮ ಅವಳ ಕರೆಯನ್ನೇ ಜೋಡಿಸಿದಳು. ಮನೆಯಲ್ಲಿ ನಾವು ಇದನ್ನು ಊಟಕ್ಕೆ ಕೂತಾಗಲೆಲ್ಲ ಕೇಳಿ ಬೆಳೆದವರು. ಎಷ್ಟು ಸಲ ಕೇಳಿದ್ದೆನೆಂದರೆ, ಅದರಲ್ಲಿ ನನಗೆ ಗೊತ್ತಿಲ್ಲದ್ದು ಏನಾದರೂ ಇರಬಹುದೆಂದು ಅನ್ನಿಸಿರಲೇ ಇಲ್ಲ.

ಅಮ್ಮ ಆಗ ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಮನೆಗೆ ಬಂದಿದ್ದಳು. ಅಪ್ಪನಿಗೆ ದೆಹಲಿ ಎಂದರೆ ಆಗದು. ತಿಪಟೂರಿನಲ್ಲೇ ಉಳಿದು ದಿನಾ ಸಂಜೆ ಫೋನು ಮಾಡಿ, ಅನ್ನ ತಳ ಹಿಡಿಯಿತು, ಎಷ್ಟು ನೀರು ಇಡಬೇಕು ಎಂದು ಕೇಳುತ್ತಿದ್ದರು. ಪುಟಗಳನ್ನು ನಾನು ಬರೆದದ್ದು ಗೆಳೆಯನೊಬ್ಬನ ಸ್ಟುಡಿಯೋದಲ್ಲಿ. ಅಮ್ಮನಿಗೆ ಒಂದನ್ನೂ ತೋರಿಸಿರಲಿಲ್ಲ. ಪುಸ್ತಕ ಅವಳದೇ ಎಂದು ಮಾತ್ರ ಹೇಳಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕನ್ನಡದ ಹೆಂಗಸರಿಗೆಲ್ಲ ಅವಳು ಆಗಲೇ ಹೇಳಿಯಾಗಿತ್ತು.

"ನಾನೂ ಬರ್ತೀನಿ ಕಣೋ," ಅಂದಳು. "ನಿನ್ನ ಜನ ಏನಂತಾರೆ ನೋಡೋಣ."

ಕರೆದುಕೊಂಡು ಹೋದೆ. ಹೊಗಳುತ್ತಾರೆ, ಅದು ಅವಳ ಕಿವಿಗೆ ಬೀಳಲಿ ಎಂಬ ಆಸೆ ನನಗಿತ್ತು. ಮೆಟ್ರೊದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯನ್ನು ಅವಳು ಗಮನವಿಟ್ಟು ಕೇಳುತ್ತಿದ್ದಳು.

"ದನಿ ಚೆನ್ನಾಗಿದೆ. ಆದ್ರೆ ಅವಳಿಗೆ ಎಲ್ಲಿ ಉಸಿರು ತಗೋಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ."

ಉಸ್ತಾದರ ಮನೆಯಲ್ಲಿ ಅಮ್ಮನಿಗೆ ಒಳ್ಳೆಯ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಕಥೆ ಅವಳದೆಂದು ಯಾರಿಗೂ ಹೇಳಲಿಲ್ಲ. ಮೊದಲೇ ಕಥೆ ಹೇಳುವುದು ನಿಯಮಕ್ಕೆ ವಿರುದ್ಧ. ಎಕ್ಸ್‌ಚೇಂಜಿನ ದೃಶ್ಯದ ಎಂಟು ಪುಟಗಳನ್ನು ತಂತಿಗೆ ಸಿಕ್ಕಿಸಿ, ಚೀಟಿ ಅಂಟಿಸಿ, ಸ್ಟೂಲಿನ ಮೇಲೆ ಕೂತೆ.

ಮೊದಲು ಎದ್ದವಳು ಬರೇಲಿಯ ಹುಡುಗಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಕೆಲಸದವಳು. ನಮ್ಮಲ್ಲಿ ಅವಳ ಕಣ್ಣು ಚುರುಕು. ಒಂದೊಂದೇ ಪುಟದ ಮುಂದೆ ನಿಂತು ಹಿಂದಿಯಲ್ಲಿ ಹೇಳುತ್ತ ಹೋದಳು.

"ಹಳ್ಳಿಯಿಂದ ಬಂದಿರೋ ಹೆಂಗಸು. ವಿಧವೆ. ಮಗ ದೂರದ ಊರಲ್ಲಿದ್ದಾನೆ, ಸುದ್ದಿ ಇಲ್ಲ. ಟೆಲಿಫೋನ್ ಆಫೀಸಿಗೆ ಬಂದು ಸಾಹೇಬರ ಹತ್ತಿರ ಬೇಡಿಕೊಳ್ತಿದ್ದಾಳೆ, ಒಂದು ಫೋನು ಮಾಡಿಸಿಕೊಡಿ ಅಂತ. ಸಾಹೇಬರಿಗೆ ಮೊದಲು ಕೋಪ. ಇಲ್ಲಿ ನೋಡಿ, ಈ ಫ್ರೇಮಿನಲ್ಲಿ ಅವರ ಮುಖ ಮೆತ್ತಗಾಗುತ್ತೆ. ಸರಿ ಕೂತ್ಕೋ ಅಂತಾರೆ. ವೈರು ಹೇಗೆ ಚುಚ್ಚೋದು ಅಂತ ತೋರಿಸ್ತಾರೆ. ಆ ಕಡೆಯಿಂದ ಮಗನ ದನಿ ಕೇಳುತ್ತೆ, ಇವಳು ಅಳ್ತಾಳೆ." ಹುಡುಗಿಯ ಕಣ್ಣೂ ಒದ್ದೆಯಾಗಿತ್ತು. "ಬರೇಲಿಯಲ್ಲಿ ನಮ್ಮಜ್ಜಿ ಥೇಟ್ ಹೀಗೇ ಫೋನಿನ ಮುಂದೆ ಕೂರ್ತಿದ್ದಳು. ಕಮಾಲ್ ಹೈ."

ಉಳಿದವರು ತಲೆದೂಗಿದರು. ಯಾರಿಗೂ ಬೇರೆ ಕಥೆ ಕಾಣಲಿಲ್ಲ. ಕಾನ್‌ಪುರದ ಇಂಕರ್ ಒಬ್ಬನಿದ್ದ. ಪೆನ್ಸಿಲ್ ಗೆರೆಗೆ ಶಾಯಿ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಬಾಯಿಯೂ ಅಷ್ಟೇ ಮೊನಚು. ಅವನು ಹತ್ತಿರ ಬಗ್ಗಿ ನೋಡಿದ.

"ಬೋರ್ಡು ಜಬರ್ದಸ್ತ್. ಒಂದೊಂದು ತೂತೂ ಎಣಿಸಬಹುದು. ಸಾಹೇಬನ ಪ್ಯಾಂಟಿನ ಮಡಿಕೆಯೂ ಬಢಿಯಾ. ಸಾಹೇಬ ತಾನೇ ಈ ಕಥೆಯ ಹೀರೊ?"

ಎದ್ದು ನಿಂತು ಅಲ್ಲ ಎನ್ನಬೇಕೆನಿಸಿತು. ನಿಯಮವಿತ್ತು. ಅದೂ ಅಲ್ಲದೆ ನಾನು ಆಗ ಮೊದಲ ಬಾರಿಗೆ ನನ್ನ ಪುಟಗಳನ್ನು ಅವರಂತೆ, ಮಾತಿಲ್ಲದೆ, ನೋಡುತ್ತಿದ್ದೆ. ಅವರು ಹೇಳಿದ್ದೇ ಅಲ್ಲಿತ್ತು. ಹೆಂಗಸಿನ ತಲೆಯ ಮೇಲೆ ಸೆರಗು. ಅದು ಬಲಹೆಗಲಿನಿಂದ ಮುಂದಕ್ಕೆ ಇಳಿದಿತ್ತು. ನಮ್ಮ ಕಡೆ ಯಾರೂ ಹಾಗೆ ಉಡುವುದಿಲ್ಲ. ಹಣೆ ಬೋಳು. ಹೆಡ್‌ಫೋನು ಬರೆದಿದ್ದೆ, ನಿಜ, ಆದರೆ ಅದು ಸೆರಗಿನೊಳಗೆ ಅಡಗಿ ಕಿವಿಯ ಹತ್ತಿರದ ಒಂದು ಉಬ್ಬಾಗಿತ್ತು. ಅಧಿಕಾರಿಯ ಮುಂದೆ ಅವಳು ಎದ್ದು ನಿಂತು, ತಲೆ ತಗ್ಗಿಸಿ, ಎದೆಯ ಹತ್ತಿರ ಕೈ ಜೋಡಿಸಿದ್ದಳು. ನೂರಾರು ಪುಟಗಳಲ್ಲಿ ನಾನು ಬರೆದಿದ್ದ ಹಿಂದಿ ಕಾಮಿಕ್ಸ್‌ನ ತಾಯಿ ಇವಳು. ಪೊಲೀಸರು ಮಗನನ್ನು ಎಳೆದೊಯ್ಯುವಾಗ ಬಾಗಿಲಲ್ಲಿ ನಿಲ್ಲುವವಳು. ತಾಯಿ ಎಂದು ಯೋಚಿಸಿದ ಕೂಡಲೇ ಕೈ ಅವಳನ್ನು ತಂದು ಕೂರಿಸಿತ್ತು. ಬೋರ್ಡಿನ ಒಂದೊಂದು ತೂತಿಗೂ ಹಳೆಯ ಫೋಟೊ ಹುಡುಕಿ ಗ್ರಂಥಾಲಯ ಸುತ್ತಿದವನು ನಾನು. ಅಮ್ಮನಿಗಾಗಿ ಯಾವ ಫೋಟೊವನ್ನೂ ನೋಡಿರಲಿಲ್ಲ.

ಉಸ್ತಾದರು ಅಮ್ಮನತ್ತ ತಿರುಗಿದರು. "ಮಾತಾಜಿ, ಆಪ್ ಭೀ ಬತಾಯಿಯೇ. ನೀವೂ ಹೇಳಿ."

ಅಮ್ಮನಿಗೆ ಹಿಂದಿ ತರಕಾರಿ ಕೊಳ್ಳುವಷ್ಟು ಮಾತ್ರ ಬರುತ್ತಿತ್ತು. ಕೈ ಸನ್ನೆಯಿಂದ ಅರ್ಥ ಮಾಡಿಕೊಂಡು ಎದ್ದಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಮೊದಲ ಪುಟದಿಂದ ಎಂಟನೆಯದರವರೆಗೆ ನಿಧಾನವಾಗಿ ನಡೆದಳು, ಮತ್ತೆ ಮೊದಲ ಪುಟಕ್ಕೆ ಬಂದಳು. ಬೋರ್ಡನ್ನು ಬೆರಳಿನಿಂದ ತೋರಿಸಿ ನಕ್ಕಳು. ಆಮೇಲೆ ಏನನ್ನೋ ಹುಡುಕುವವಳಂತೆ ಇನ್ನೊಂದು ಸುತ್ತು ಹೋದಳು.

"ಬೋರ್ಡು ನಮ್ಮದೇ ಕಣೋ," ಅಂದಳು ನನಗೆ. "ನಾನು ಯಾವ ಪುಟದಲ್ಲಿ ಬರ್ತೀನಿ?"

ಅವಳು ಮತ್ತೆ ಪುಟದ ಕಡೆ ತಿರುಗಿದಳು. "ಈ ಹೆಂಗಸು ಯಾರು? ಪಾಪ, ಗಂಡ ಇಲ್ವಾ?"

"ಮಾತಾಜಿ ಏನಂತಾರೆ?" ಎಂದು ಬರೇಲಿಯ ಹುಡುಗಿ ನನ್ನನ್ನು ಕೇಳಿದಳು. ಎಲ್ಲರೂ ನನ್ನತ್ತ ನೋಡಿದರು. ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದವನು ನಾನೊಬ್ಬನೇ. ಚೆನ್ನಾಗಿದೆ ಅಂತಾರೆ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಯಮ ಸಡಿಲಿಸಿ ಮಾತಾಡು ಎಂಬಂತೆ ಉಸ್ತಾದರು ತಲೆಯಾಡಿಸಿದರು. ನಾನು ಅಮ್ಮನ ಮಾತನ್ನು ಇದ್ದ ಹಾಗೆಯೇ ಹಿಂದಿಯಲ್ಲಿ ಹೇಳಿದೆ. "ತಾನು ಯಾವ ಪುಟದಲ್ಲಿ ಬರ್ತೀನಿ ಅಂತ ಕೇಳ್ತಿದ್ದಾಳೆ. ಈ ಹೆಂಗಸು ಯಾರು ಅಂತ ಕೇಳ್ತಿದ್ದಾಳೆ." ಆಮೇಲೆ, "ಚಿತ್ರದಲ್ಲಿರೋದು ನನ್ನ ಅಮ್ಮ. ಅವಳೇ ಅಲ್ಲಿ ಆಪರೇಟರ್ ಆಗಿದ್ದದ್ದು. ನಮ್ಮಪ್ಪ ಬದುಕಿದ್ದಾರೆ," ಅಂದೆ.

ಉಸ್ತಾದರು ಎದ್ದು ಚೀಟಿಗಳನ್ನು ಕೀಳತೊಡಗಿದರು. ಕಿತ್ತ ಹಾಗೆ ಬಲೂನಿನ ಮಾತನ್ನು ಗಟ್ಟಿಯಾಗಿ ಓದಿದರು. ತಲೆ ತಗ್ಗಿಸಿ ಕೈ ಜೋಡಿಸಿ ಕಣ್ಣೀರು ತುಂಬಿಕೊಂಡ ಆ ಹೆಂಗಸಿನ ಬಾಯಿಂದ ಹೊರಟ ಬಲೂನಿನಲ್ಲಿ ಹೀಗಿತ್ತು: "ಸಾಹೇಬರೇ, ನಿಮ್ಮ ಸರದಿ ಇನ್ನೂ ಬಂದಿಲ್ಲ. ಬೆಂಚಿನ ಮೇಲೆ ಕೂತಿರಿ."

ಮೊದಲು ನಕ್ಕವನು ಕಾನ್‌ಪುರದವನು. ಆಮೇಲೆ ತಡೆಯಲಾರದೆ ಎಲ್ಲರೂ ನಕ್ಕರು. ಅಮ್ಮನಿಗೆ ಏನೆಂದು ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದಾರೆಂದು ಅವಳೂ ನನ್ನತ್ತ ನೋಡುತ್ತ ನಕ್ಕಳು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿದ್ದು ಆಗ.

"ಯಾರ್," ಅಂದ ಕಾನ್‌ಪುರದವನು, ಕಣ್ಣೊರೆಸಿಕೊಳ್ಳುತ್ತ. "ನಿನ್ನ ಅಮ್ಮನ ಮಾತಿಗೆ ನನ್ನ ಅಮ್ಮನ ಮುಖ ಅಂಟಿಸಿದ್ದೀಯಲ್ಲೋ! ನಮ್ಮಮ್ಮನಿಗಾದರೂ ಒಂದು ಕಾಪಿ ಕೊಡು, ತನಗೆ ಸರ್ಕಾರಿ ಕೆಲಸ ಸಿಕ್ಕಿತು ಅಂತ ಖುಷಿಪಡ್ತಾಳೆ."

"ಚುಪ್," ಅಂದರು ಉಸ್ತಾದರು. ಅಮ್ಮನಿಗೆ ಇನ್ನೊಂದು ಲೋಟ ಚಹಾ ತರಿಸಿ, ನನ್ನನ್ನು ಬಾಲ್ಕನಿಗೆ ಕರೆದರು. ಅವರದು ಕಸುಬಿನ ಮಾತು, ಅದರಲ್ಲಿ ಕುಹಕ ಇರಲಿಲ್ಲ. "ಗಾಬರಿಯಾಗಬೇಡ. ಚಿತ್ರ ಬದಲಿಸೋದು ತಿಂಗಳುಗಟ್ಟಲೆ ಕೆಲಸ, ಬಲೂನು ಬದಲಿಸೋದು ಒಂದು ದಿನದ್ದು. ಆ ಹುಡುಗಿ ಹೇಳಿದ ಕಥೆಯನ್ನೇ ಇಟ್ಟುಕೋ. ಅವಳು ಅತ್ತಳು, ನೋಡಿದೆಯಲ್ಲ? ಈ ಪುಸ್ತಕ ಓಡುತ್ತೆ. ನಿನ್ನ ನಿಜವಾದ ಅಮ್ಮನ್ನ ಬರೆದರೆ ಇಲ್ಲಿಯವರು ಯಾವುದೋ ಸ್ಕೂಲಿನ ಹೆಡ್ಮಿಸ್ಟ್ರೆಸ್ ಅಂದ್ಕೋತಾರೆ."

ಅವರು ಹೇಳಿದ್ದು ತಪ್ಪೆಂದು ಇಂದಿಗೂ ಹೇಳಲಾರೆ. ಆ ಹೊತ್ತಿಗೆ ನಾನು ಒಪ್ಪುವವನೇ ಇದ್ದೆ.

ಹಿಂದಿರುಗುವಾಗ ಮೆಟ್ರೊದಲ್ಲಿ ಅಮ್ಮನಿಗೆ ಸೀಟು ಸಿಕ್ಕಿತು. ನಾನು ಪುಟಗಳ ಫೈಲು ಹಿಡಿದು ಅವಳ ಮುಂದೆ ನಿಂತಿದ್ದೆ.

"ಯಾಕೆ ನಕ್ಕರೋ ಅವರೆಲ್ಲ?"

ಹೇಳಿದೆ. ಆ ಹೆಂಗಸು ಅವಳೇ ಎಂದೂ ಹೇಳಿದೆ. ಉಸ್ತಾದರ ಸಲಹೆಯನ್ನೂ ಹೇಳಿದೆ.

"ಅಂದ್ರೆ ಪುಸ್ತಕದಲ್ಲಿ ನಾನು ಅವನ ಹತ್ರ ಬೇಡ್ಕೊಂಡೆ ಅಂತ ಆಗುತ್ತೆ."

"ಅದು ನೀನು ಅಂತ ಇರೋದಿಲ್ಲಮ್ಮ. ಯಾರೋ ಒಬ್ಬ ತಾಯಿ ಅಂತ."

ಅಮ್ಮ ನನ್ನ ಕೈಯ ಫೈಲನ್ನು ಬೆರಳಿನಿಂದ ತಟ್ಟಿದಳು. "ನಿಮ್ಮಪ್ಪನಿಗೆ ಏನು ಹೇಳ್ತೀಯ? ಪುಸ್ತಕದಲ್ಲಿ ನಿಮ್ಮನ್ನ ಮೇಲಕ್ಕೆ ಕಳಿಸಿಬಿಟ್ಟಿದ್ದೀನಿ ಅಂತನಾ?"

ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನನಗೆ ನಗಲು ಆಗಲಿಲ್ಲ. ನಗು ನಿಂತ ಮೇಲೆ ಅವಳು ಮೆಲ್ಲಗೆ, ದೂರು ಹೇಳುವ ದನಿಯಲ್ಲದೆ, ಮಾತಾಡಿದಳು. "ಅವತ್ತು ನಾನು ಎದ್ದೇ ಇರ್ಲಿಲ್ಲ ಕಣೋ. ಎದ್ರೆ ಹೆಡ್‌ಫೋನಿನ ವೈರು ಎಳೀತಿತ್ತು. ತಿರುಗಿ ಕೂಡ ನೋಡ್ಲಿಲ್ಲ, ಕೈ ತುಂಬ ಕೆಲಸ. ಅವನ ಮುಖ ಹೇಗಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಆ ಮುಖವನ್ನು ನಾನು ಐದು ಫ್ರೇಮುಗಳಲ್ಲಿ, ಎರಡು ಸಲ ಪೂರ್ತಿ ಹತ್ತಿರದಿಂದ, ಬರೆದಿದ್ದೆ. ಬೀದಿಯಲ್ಲಿ ಮಗುಚಿದ ಆಟೊ ಯಾವ ಬಣ್ಣದ್ದೆಂದು ಕೇಳಲು ಎಷ್ಟೋ ಸಲ ಫೋನು ಮಾಡಿದವನು, ಒಂದೇ ಮನೆಯಲ್ಲಿದ್ದ ಅಮ್ಮನನ್ನು, ನೀನು ಆಗ ಕೂತಿದ್ದೆಯಾ ನಿಂತಿದ್ದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಪ್ರಕಾಶಕನಿಗೆ ಫೋನು ಮಾಡಿದೆ. ಉಸ್ತಾದರು ಅಷ್ಟರಲ್ಲಿ ಅವನೊಡನೆ ಮಾತಾಡಿದ್ದರು. ಕೂಟದಲ್ಲಿ ಹುಡುಗಿಯೊಬ್ಬಳು ಅತ್ತಳೆಂಬ ಸುದ್ದಿಗೆ ಅವನು ಹಿಗ್ಗಿದ್ದ. "ಬಲೂನು ಬದಲಿಸಿ ಕೊಡಿ ಸಾಹೇಬ್, ಮಾಂ, ತಾಯಿ ಎಂದರೆ ಪುಸ್ತಕ ಖರ್ಚಾಗದೆ ಇರೋದಿಲ್ಲ." ಚಿತ್ರಗಳನ್ನೇ ಮತ್ತೆ ಬರೆಯಬೇಕು, ಸಮಯ ಕೊಡಿ ಎಂದೆ. ಎಷ್ಟು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹಾಗಾದರೆ ಈ ಸಾಲಿನಲ್ಲಿ ಬೇರೆಯವರ ಪುಸ್ತಕ ಹೋಗುತ್ತದೆ, ಮುಂದಿನದಕ್ಕೆ ಮಾತು ಕೊಡಲಾರೆ ಎಂದು ಸೌಜನ್ಯದಿಂದಲೇ ಹೇಳಿ ಫೋನಿಟ್ಟ. ನಾನು ತೋರಿಸಿದ್ದು ಧೈರ್ಯವೆಂದು ಯಾರಾದರೂ ಓದಿಯಾರು. ಹಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅಮ್ಮ ಅಪ್ಪನೊಡನೆ ಮಾತಾಡುತ್ತಿದ್ದ ದನಿ ಕೇಳಿಸುತ್ತಿದ್ದುದರಿಂದ ಒಪ್ಪಿಗೆಯ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ.

ಮಧ್ಯಾಹ್ನಗಳಲ್ಲಿ ಅವಳನ್ನು ಊಟದ ಮೇಜಿನ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಬರೆಯತೊಡಗಿದೆ. ಅವಳು ಎಡಹೆಗಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಬೋರ್ಡಿಗೆ ಇಲ್ಲದ ವೈರು ಚುಚ್ಚುತ್ತ ಕೂರುತ್ತಿದ್ದಳು. ಕೆಲಸ ಸಾಗಲಿಲ್ಲ. ತಲೆ ಬರೆದ ಕೂಡಲೇ ಕೈ ತಾನಾಗಿ ಅದರ ಸುತ್ತ ಸೆರಗಿನ ಇನ್ನೊಂದು ಗೆರೆ ಎಳೆಯುತ್ತಿತ್ತು. ಅಳಿಸುತ್ತಿದ್ದೆ, ಮತ್ತೆ ಬರುತ್ತಿತ್ತು. ಒಂದು ದಿನ ಅವಳು ನೀರು ಕುಡಿಯಲು ಎದ್ದವಳು ಹಾಳೆ ನೋಡಿದಳು.

"ಮತ್ತೆ ಹೊದಿಸಿದ್ಯಾ?"

"ಅಳಿಸ್ತೀನಮ್ಮ."

"ಅಳಿಸು, ಅಳಿಸು. ನಂಗೆ ಸೆಖೆ," ಅಂದು ಹೋಗಿ ಮತ್ತೆ ಕೂತಳು.

ಹಳೆಯ ಪ್ರಕಾಶಕರಿಗೆ ಬೇರೆ ಕಥೆಗಳ ಪುಟಗಳನ್ನು ಆಗಲೂ ಬರೆದು ಕೊಡುತ್ತಿದ್ದೆ. ಅವುಗಳಲ್ಲಿ ತಾಯಂದಿರು ಬೇಕಾಗುತ್ತಿದ್ದರು. ಅದೇ ಮುಖ ಹಾಕುತ್ತಿದ್ದೆ. ಅಮ್ಮ ಆ ಕಡೆ ಬಂದರೆ ಹಾಳೆಯ ಮೇಲೆ ಪತ್ರಿಕೆ ಮುಚ್ಚುತ್ತಿದ್ದೆ.

ಸೊಸೈಟಿಯಲ್ಲಿ ಮೈಸೂರಿನವರೊಬ್ಬರಿದ್ದರು, ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ. ಭಾನುವಾರಗಳಲ್ಲಿ ಬೇರೆ ಇಬ್ಬರನ್ನು ಕರೆದುಕೊಂಡು ಬಂದು ಅಮ್ಮನೊಡನೆ ಹರಟುತ್ತಿದ್ದರು. ಪುಸ್ತಕದ ಮಾತು ಎಂದಾದರೂ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಕಾಫಿ ತಂದಾಗಲೇ ಬಂತು.

"ಎಲ್ರೀ ನಿಮ್ಮ ಪುಸ್ತಕ? ಬಂದ ಕೂಡ್ಲೇ ಮೊದಲ ಕಾಪಿ ನಂಗೆ ಅಂದಿದ್ರಿ."

ಇನ್ನೂ ಅಚ್ಚಿನಲ್ಲಿದೆ ಎಂದೋ, ಬಣ್ಣ ಹಾಕುತ್ತಿದ್ದಾನೆ ಎಂದೋ ಅಮ್ಮ ನನ್ನನ್ನು ಉಳಿಸಬಹುದೆಂದುಕೊಂಡೆ. ಹಾಗೆ ಹೇಳಲಿ ಎಂದೇ ಬಯಸಿದೆ.

"ಮುಗಿಸಿದ್ದ. ನಾನೇ ಬೇಡ ಅಂದೆ," ಅಂದಳು ಅಮ್ಮ, ಲೋಟ ತೆಗೆದುಕೊಳ್ಳುತ್ತ.

"ಅಯ್ಯೋ, ಯಾಕ್ರೀ? ಅಷ್ಟು ಚೆನ್ನಾಗಿ ಬರೀತಾರಲ್ಲ ನಿಮ್ಮ ಮಗ."

"ಚೆನ್ನಾಗೇ ಬರೀತಾನೆ. ನನ್ನ ಬಿಟ್ಟು ಬರೆದಿದ್ದ, ಅಷ್ಟೇ. ಸರಿಯಾಗಿ ಬರೆಯೋವರೆಗೂ ಕಾಯಲಿ ಅಂದಿದ್ದೀನಿ."

ಹೆಂಗಸರು ತಮಾಷೆಯೆಂದುಕೊಂಡು ನಕ್ಕರು. ಬೇಡ ಎಂಬ ಮಾತನ್ನು ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ. ಕೈಯಲ್ಲಿ ಟ್ರೇ ಇತ್ತು. ಇನ್ನೂ ಎರಡು ಲೋಟ ಕೊಡುವುದಿತ್ತು. ಯಾರ ಮುಖವನ್ನೂ ನೋಡದೆ ಕೊಟ್ಟು ಒಳಗೆ ಬಂದೆ.